ಬಣ್ಣ ತಿರುಗದ ನೀರು

"ಬ್ರಿಂಡಿಸ್, ನೀರು ಮಬ್ಬಾಗಿದೆ ಕಣಮ್ಮ. ಏನೋ ನಾತ ಬೇರೆ," ಎಂದ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿದ್ದ ಮುದುಕ ಹ್ಯಾಲ್ಮರ್. ಐಸ್‌ಲ್ಯಾಂಡಿನ ಆ ಊರಿನಲ್ಲಿ ಬೆಳಗಾದರೆ ಅರ್ಧ ಊರು ಆ ತೊಟ್ಟಿಯಲ್ಲೇ ಇರುತ್ತಿತ್ತು. ಬೆತ್ತಲೆ ನಿಂತು ಸೋಪು ಹಚ್ಚಿ ಮೀಯದೆ ಯಾರೂ ಅದಕ್ಕೆ ಇಳಿಯುವಂತಿರಲಿಲ್ಲ.

ತೊಟ್ಟಿಯ ಉಸ್ತುವಾರಿ ಬ್ರಿಂಡಿಸ್‌ಳದು. ಅವಳ ಕಣ್ಣು ನೇರ ತೊಟ್ಟಿಯಲ್ಲಿ ಕೂತಿದ್ದ ದನೂತಾಳ ಮೇಲೆ ಬಿತ್ತು. ಪೋಲೆಂಡಿನಿಂದ ಮೀನಿನ ಕಾರ್ಖಾನೆಯ ಕೆಲಸಕ್ಕೆ ಹೊಸದಾಗಿ ಬಂದ ಹೆಂಗಸು.

"ಬಟ್ಟೆ ಬಿಚ್ಚಿ ಸೋಪು ಹಾಕ್ಕೊಂಡು ಮಿಂದು ಬಂದ್ರಾ? ಮೀನಿನ ಕೊಳೆ ತೊಳ್ಕೊಳ್ಳೋ ಜಾಗ ಅಲ್ಲ ಇದು."

ದನೂತಾ ಎದ್ದು ಒಳಗಿನ ಬಚ್ಚಲಿಗೆ ಹೋದಳು.

ಬ್ರಿಂಡಿಸ್ ತೊಟ್ಟಿಯ ನೀರನ್ನು ಸೀಸೆಗೆ ತುಂಬಿ, ಪರೀಕ್ಷೆಯ ಗುಳಿಗೆ ಹಾಕಿ ಕುಲುಕಿದಳು. ಕೊಳೆ ಕೊಲ್ಲುವ ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ತಿರುಗಲಿಲ್ಲ. ಪಂಪಿನ ಕೋಣೆಗೆ ಓಡಿ ನೋಡಿದರೆ ಕ್ಲೋರಿನ್ ಪೀಪಾಯಿಯ ತಳ ಕಾಣುತ್ತಿತ್ತು. ಪಕ್ಕದ ದಿನದ ಲೆಕ್ಕದ ಪುಸ್ತಕದಲ್ಲಿ ಮಾತ್ರ ಎರಡು ದಿನದಿಂದ ಎಲ್ಲವೂ ಸರಿಯಾಗಿತ್ತು. ಚಳಿಗೆ ಸೋಮಾರಿಯಾಗಿ, ಸೀಸೆ ಮುಟ್ಟದೆ, ಹಿಂದಿನ ಅಂಕಿಯನ್ನೇ ಅವಳು ಬರೆಯುತ್ತ ಬಂದಿದ್ದಳು. ಮುಖಕ್ಕೆ ಮಸಿ ಬಳಿದಂತಾಯಿತು.

ಹೊರಗೆ ಬಂದಾಗ ದನೂತಾ ತೊಟ್ಟಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಉಜ್ಜಿ ಉಜ್ಜಿ ತೋಳು ಕೆಂಪಗಾಗಿತ್ತು, ಕೂದಲಿಂದ ನೀರು ಇಳಿಯುತ್ತಿತ್ತು.

"ಇಳೀಬೇಡಿ," ಎಂದಳು ಬ್ರಿಂಡಿಸ್.

ದನೂತಾ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿಕೊಂಡಳು.

"ಇನ್ನೂ ವಾಸನೆ ಹೋಗಿಲ್ವಾ, ಅಕ್ಕಾ?"