ವಿಮಾನ ಬಾರದ ಹನ್ನೊಂದು ದಿನ

ಆಗ ಸೆಪ್ಟೆಂಬರ್ ಕೊನೆ. ಮಂಜು ಕವಿದು ಹನ್ನೊಂದು ದಿನ ವಿಮಾನ ಇಳಿದಿರಲಿಲ್ಲ. ಹಿಮನಾಡಿನ ಕಡಲತೀರದ ನಮ್ಮೂರಿಗೆ ಬೇರೆ ದಾರಿಯೂ ಇಲ್ಲ. ಅಂಗಡಿಯಲ್ಲಿ ಹಾಲಿಲ್ಲ, ಸೇಬಿಲ್ಲ, ಮೊಟ್ಟೆಯಿಲ್ಲ. ಉಳಿದದ್ದು ಬಿಸ್ಕತ್ತು ಮತ್ತು ಸೋಪು. ಗಾಳಿಗೆ ಹೆದರಿ, ಸೀಲ್ ಎಂಬ ಕಡಲಪ್ರಾಣಿ ಹಿಡಿಯುವ ಬೇಟೆಗಾರರೂ ದೋಣಿ ಇಳಿಸಿರಲಿಲ್ಲ.

ನಾನು ಪಿಟ್ಸಿಯುಲಾಕ್, ಊರಿನ ಆರೋಗ್ಯ ಕಾರ್ಯಕರ್ತೆ. ಆ ಮಧ್ಯಾಹ್ನ ಅಲಾಸಿಯ ಮನೆಗೆ ಹೋದೆ. ಅವಳಿಗೆ ಎಪ್ಪತ್ತು, ನನಗೆ ಮೂವತ್ತೊಂದು. ಆದರೂ ಅವಳು ನನ್ನನ್ನು ಕರೆಯುವುದು "ಅವ್ವಾ" ಎಂದೇ. ಅವಳ ತಾಯಿ ತೀರಿಕೊಂಡ ವರ್ಷ ಹುಟ್ಟಿದ ನನಗೆ ಆ ತಾಯಿಯ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಹೆಸರು ಬಂದರೆ ಸಂಬಂಧವೂ ಬಂತು.

"ಬಾ ಅವ್ವಾ. ನಿನ್ನ ಮೊಮ್ಮಗನ್ನ ನೋಡು, ಸೋಮಾರಿ. ಬೆಳಿಗ್ಗೆಯಿಂದ ಬಿದ್ಕೊಂಡಿದಾನೆ."

ಮೊಮ್ಮಗನೆಂದರೆ ಅವಳ ಮಗ ಮಕುಸಿ, ಊರಿನ ಒಳ್ಳೆಯ ಬೇಟೆಗಾರ. ಅವನು ತೊದಲುತ್ತ ತಮಾಷೆಗೆ ಕೇಳಿದ: "ಅಜ್ಜೀ, ಒಬ್ಬಳೇ ಬಂದ್ಯಾ? ನಂಗೆ ಇಬ್ಬರು ಕಾಣ್ತೀರ."

ನನಗೆ ನಗು ಬರಲಿಲ್ಲ. ಅವನ ರೆಪ್ಪೆ ಮೇಲೇಳುತ್ತಿರಲಿಲ್ಲ. ಬಾಯಿ ಒಣಗಿತ್ತು, ಕೊಟ್ಟ ನೀರು ಗಂಟಲಲ್ಲಿ ಇಳಿಯಲಿಲ್ಲ.

"ನಿನ್ನೆ ಏನು ತಿಂದ?"

"ಸೀಲ್ ಮಾಂಸ. ಹುಳಿ ಬರಿಸಿದ್ದು. ಅವನಿಗಷ್ಟೇ ಬಡಿಸಿದೆ, ನಾನು ಬಿಸ್ಕತ್ತು ತಿಂದೆ."

ಅವಳು ಹೀಟರಿನ ಪಕ್ಕಕ್ಕೆ ಕೈ ತೋರಿದಳು. ಅಲ್ಲಿ ಮುಚ್ಚಳ ಬಿಗಿದ ಪ್ಲಾಸ್ಟಿಕ್ ಬಕೆಟ್ಟಿತ್ತು.

"ಯಾವಾಗ್ಲೂ ಹೊರಗೆ ಕಲ್ಲಿನ ಗುಂಡೀಲಿ, ತಣ್ಣಗೆ, ಗಾಳಿ ಆಡೋ ಹಾಗೆ ಇಡ್ತಿದ್ದೆಯಲ್ಲ?"

"ಅದಕ್ಕೆ ತಿಂಗಳುಗಟ್ಟಲೆ ಬೇಕು. ಹೊಟ್ಟೆ ಕಾಯುತ್ತಾ? ಇಲ್ಲಾದ್ರೆ ವಾರಕ್ಕೇ ಆಯ್ತು."

"ಅದರಲ್ಲಿ ವಿಷ ಹುಟ್ಟಿದೆ. ಗಾಳಿ ಆಡದ ಬೆಚ್ಚಗಿನ ಜಾಗದಲ್ಲಿ ಹುಟ್ಟತ್ತೆ. ಮೂಗಿಗೂ ಗೊತ್ತಾಗಲ್ಲ, ನಾಲಿಗೆಗೂ ಗೊತ್ತಾಗಲ್ಲ."

ಅಲಾಸಿ ಕಿಡಿಕಿಡಿಯಾದಳು. "ಅಜ್ಜಂದಿರ ಕಾಲದಿಂದ ತಿಂತಿದೀವಿ, ಯಾರು ಸತ್ರು? ನರ್ಸಮ್ಮನ ಜೊತೆ ಸೇರಿ ನೀನೂ ನಮ್ಮ ಊಟದಲ್ಲಿ ತಪ್ಪು ಹುಡುಕ್ತೀಯಾ?"

"ತಪ್ಪು ನಮ್ಮ ಊಟದ್ದಲ್ಲ, ಬಕೆಟ್ಟಿಂದು."

"ತಡಿ, ನಾನೇ ತಿಂದು ತೋರಿಸ್ತೀನಿ!" ಮುಚ್ಚಳ ಕಿತ್ತು ಒಂದು ತುಂಡನ್ನು ಬಾಯಿಯ ಹತ್ತಿರ ತಂದೇಬಿಟ್ಟಳು.

ನಾನು ಅದುವರೆಗೆ ಅವಳೊಂದಿಗೆ ಏರುದನಿಯಲ್ಲಿ ಮಾತಾಡಿದವಳಲ್ಲ. "ಅಲಾಸೀ! ಮಗಳೇ, ಕೆಳಗಿಡು!" ಎಂದು ಕಿರುಚಿದೆ. ಅವಳ ಕೈ ಅಲ್ಲೇ ನಿಂತಿತು. ಬೈಸಿಕೊಂಡ ಮಗುವಿನಂತೆ ಮುಖ ಸಣ್ಣದಾಯಿತು. ತುಂಡನ್ನು ಕೆಳಗಿಟ್ಟಳು.

"ಊಟ ಬೇಕು ಅಂತ ಊರ ರೇಡಿಯೋದಲ್ಲಿ ಯಾಕೆ ಹೇಳಲಿಲ್ಲ? ಊರ ಫ್ರೀಜರ್‌ನಲ್ಲಿ ಎಲ್ಲರಿಗೂ ಅಂತ ಮೀನಿತ್ತಲ್ಲ?"

"ನಾಚಿಕೆ ಅವ್ವಾ. ಊರಿಗೆಲ್ಲ ಮಾಂಸ ಹಂಚೋ ಮನೆ ಇದು. ನಾವೇ ಕೈ ಚಾಚೋದಾ?"

ಮಕುಸಿಯನ್ನು ಚಿಕಿತ್ಸಾಲಯಕ್ಕೆ ಹೊತ್ತೊಯ್ದೆವು. ನರ್ಸಮ್ಮ ವಿಷ ಮುರಿಯುವ ಮದ್ದು ಕೊಟ್ಟರು. ಆದರೂ ಉಸಿರು ಕುಗ್ಗುತ್ತಲೇ ಹೋಯಿತು. ರಾತ್ರಿಯಿಡೀ ನರ್ಸಮ್ಮ, ನಾನು ಸರದಿಯಲ್ಲಿ ಅವನ ಬಾಯಿಗಿಟ್ಟ ಗಾಳಿಚೀಲ ಒತ್ತಿ ಒತ್ತಿ ಉಸಿರು ತುಂಬುತ್ತಿದ್ದೆವು. ಕೈ ನಿಲ್ಲಿಸಿದರೆ ಅವನು ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ನನ್ನ ಕೈಯಾರೆ ವಿಷ ಹಾಕಿದೆ" ಎಂದು ಅಲಾಸಿ ಗೋಡೆಗೆ ಹೇಳಿಕೊಳ್ಳುತ್ತಿದ್ದಳು. ಸುಳ್ಳೇಕೆ, ಅವನು ಹೋದನೆಂದೇ ನಾನು ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಒಂದು ಗಂಟೆಯ ಮಟ್ಟಿಗೆ ಮಂಜು ಸರಿಯಿತು. ಸೇಬು, ಹಾಲು ಹೊತ್ತು ವಿಮಾನ ಇಳಿಯಿತು. ಹನ್ನೊಂದು ದಿನ ಅದಕ್ಕಾಗಿ ಕಾದಿದ್ದ ಜನ ಪೆಟ್ಟಿಗೆಗಳತ್ತ ತಿರುಗಿಯೂ ನೋಡದೆ, ಪಟ್ಟಣದ ಆಸ್ಪತ್ರೆಗೆಂದು ಮೊದಲು ಮಕುಸಿಯನ್ನು ಹತ್ತಿಸಿದರು.

ನಲವತ್ತು ದಿನದ ಮೇಲೆ ಅವನು ವಿಮಾನ ಇಳಿದು ತನ್ನ ಕಾಲ ಮೇಲೆ ನಡೆದುಕೊಂಡು ಮನೆಗೆ ಬಂದ. ಆ ಚಳಿಗಾಲ ಹಿಮಗಾಳಿಗೆ ವಿಮಾನ ಮತ್ತೆ ನಿಂತಾಗ ರೇಡಿಯೋದಲ್ಲಿ ಒಂದು ದನಿ ಕೇಳಿತು: "ನಾನು ಅಲಾಸಿ. ನಮ್ಮನೇಲಿ ಹಸಿ ಮಾಂಸ ಮುಗಿದಿದೆ. ಯಾರ ಹತ್ರ ಇದೆ?" ಚಹಾ ಕುದಿಯುವಷ್ಟರಲ್ಲಿ ಮೂರು ಮನೆಯವರು ಬಂದರು. "ಇಷ್ಟು ಸಣ್ಣ ಮೀನಾ? ಇದರವ್ವ ಹುಡುಕ್ತಿರ್ತಾಳೆ!" ಎಂದು ಅವಳು ಒಬ್ಬನ ಕಾಲೆಳೆದದ್ದೂ ಉಂಟು.

ಅಕ್ಕಂದಿರೇ, ಅಣ್ಣಂದಿರೇ, ಹುಳಿ ಮಾಂಸ ಬಿಡಿ ಎಂದು ನಾನು ಹೇಳುತ್ತಿಲ್ಲ. ಹಿರಿಯರು ಮಾಡಿದಂತೆ ತಣ್ಣಗೆ, ಗಾಳಿಯಾಡುವಂತೆ ಮಾಡಿ. ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಬೆಚ್ಚಗೆ ಇಡಬೇಡಿ. ಒಂದು ಎರಡಾಗಿ ಕಂಡರೆ, ರೆಪ್ಪೆ ಜೋತರೆ, ಗಂಟಲು ಕಟ್ಟಿದರೆ ಆ ಕ್ಷಣವೇ ಚಿಕಿತ್ಸಾಲಯಕ್ಕೆ ಬನ್ನಿ. ವಿಮಾನ ಬಾರದೆ ಊಟ ಮುಗಿದರೆ ರೇಡಿಯೋದಲ್ಲಿ ಕೇಳಿಕೊಳ್ಳಿ. ನಾಚಿಕೆಯಾದರೆ ನನ್ನ ಬಾಗಿಲು ತಟ್ಟಿ. ನನ್ನ ಮನೆಗೇ ಬೇಕೆಂದು ರೇಡಿಯೋದಲ್ಲಿ ನಾನು ಕೇಳುತ್ತೇನೆ. ನಿಮ್ಮ ಹೆಸರು ಯಾರಿಗೂ ಹೇಳುವುದಿಲ್ಲ.