ಇಪ್ಪತ್ತೈದರ ಪೆನ್ನಿ

ಗ್ಲೆನಿಸ್ ಕೈಚೀಲದಿಂದ ಕರವಸ್ತ್ರದ ಗಂಟನ್ನು ತೆಗೆದು ಗಾಜಿನ ಮೇಜಿನ ಮೇಲಿಟ್ಟು ಬಿಚ್ಚಿದಳು. ಅಂಗಡಿಯಲ್ಲಿದ್ದ ಮೂವರೂ ಒಟ್ಟಿಗೇ ಮಾತು ನಿಲ್ಲಿಸಿದರು.

"ಹೇಗಿದೆ?" ಎಂದಳು. ಚಳಿಗೋ ಹುರುಪಿಗೋ ಅವಳ ಮುಖ ಕೆಂಪಾಗಿತ್ತು. "ಇದಕ್ಕೊಂದು ಚೆಂದದ ಡಬ್ಬಿ ಕೊಡಿ ಟಿಬರ್. ಒಳಗೆ ಮಖಮಲ್ಲು ಇರಬೇಕು. ಸಂಜೆಗೆ ಬೇಕು."

ಕರವಸ್ತ್ರದ ನಡುವೆ ಒಂದು ಹಳೆಯ ಪೆನ್ನಿ ನಾಣ್ಯ ಫಳಫಳ ಹೊಳೆಯುತ್ತಿತ್ತು. ಅಂಗಡಿಯ ಯಜಮಾನ ಟಿಬರ್ ಹಣೆಯ ಮೇಲೆ ಏರಿಸಿಕೊಂಡಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡ. ನೋಡಿದ. ಮತ್ತೆ ಮೇಲಕ್ಕೆ ಏರಿಸಿದ.

"ಇದು ಸೋಮವಾರ ನಾನು ನಿಮಗೆ ಕೊಟ್ಟ ಇಪ್ಪತ್ತೈದನೇ ಇಸವಿಯ ಪೆನ್ನೀನಾ?"

"ಅದೇ! ಗುರುತೇ ಸಿಗಲ್ಲ ಅಲ್ವಾ?"

"ಇಲ್ಲ," ಎಂದ ಟಿಬರ್ ಮೆಲ್ಲಗೆ. "ಗುರುತೇ ಸಿಗಲ್ಲ."

"ಪಾಪ, ಎಷ್ಟು ಕೊಳೆ ಹಿಡಿದಿತ್ತು ಅಂತೀರಿ! ಹಿತ್ತಾಳೆ ಪಾಲಿಷ್ ಹಾಕಿ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಇಡೀ ಮಧ್ಯಾಹ್ನ ತಿಕ್ಕಿದೆ."

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ನೋಯೆಲ್, ರೈಲು ಓಡಿಸಿ ನಿವೃತ್ತನಾದವನು, ತಲೆಯ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಅವನ ಪಕ್ಕದಲ್ಲಿ ನಿಂತಿದ್ದ ಅಂಚೆ ಹಂಚುವ ಪ್ರೂ ಅವನ ಕಾಲನ್ನು ಬೂಟಿನಿಂದ ಒತ್ತಿದಳು.

"ಟೋಪಿ ಹಾಕ್ಕೊಳೋ ಮಾರಾಯ. ಇಲ್ಯಾರೂ ಸತ್ತಿಲ್ಲ."

"ಸತ್ತಿದೆ," ಎಂದ ನೋಯೆಲ್.

ಗ್ಲೆನಿಸ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಮಕ್ಕಳು ಏನನ್ನೋ ಒಡೆದುಹಾಕಿ ಸಾಲಾಗಿ ನಿಂತಾಗ ಅಡುಗೆಮನೆಯಲ್ಲಿ ಹರಡುತ್ತಿದ್ದ ಮೌನ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ಒಡೆದವಳು ತಾನೇ ಎಂಬುದು ನಿಧಾನವಾಗಿ ಹೊಳೆಯಿತು.

"ಏನ್ ಮಾಡ್ಬಿಟ್ಟೆ ನಾನು?"

ಬ್ಯಾಲರಾಟ್ ಊರಿನ ಆ ಬೀದಿಯಲ್ಲಿ ಬ್ರೆಡ್ಡಿನ ಅಂಗಡಿಗೂ ಕ್ಷೌರದಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಟಿಬರ್‌ನ ನಾಣ್ಯದಂಗಡಿಗೆ ಗ್ಲೆನಿಸ್ ಸೋಮವಾರದವರೆಗೂ ಕಾಲಿಟ್ಟವಳಲ್ಲ. ಅದು ಅವಳ ಗಂಡ ಮರ್ವ್‌ನ ಜಾಗ. ಮದುವೆಯಾದಂದಿನಿಂದಲೂ ಶನಿವಾರ ಬೆಳಿಗ್ಗೆ ಅವನು ಅಲ್ಲಿಗೆ ಹೋಗುತ್ತಾನೆ, ಊಟದ ಹೊತ್ತಿಗೆ ಬರುತ್ತಾನೆ. ಅವನ ಹತ್ತಿರ ನೀಲಿ ರಟ್ಟಿನ ಒಂದು ಆಲ್ಬಮ್ ಇದೆ. ಅದರಲ್ಲಿ ಒಂದೊಂದು ವರ್ಷದ ಪೆನ್ನಿಗೂ ಒಂದೊಂದು ದುಂಡನೆಯ ಗೂಡು. ಸಾವಿರದ ಒಂಬೈನೂರ ಮೂವತ್ತರ ಪೆನ್ನಿಯ ಗೂಡು ಎಲ್ಲರ ಆಲ್ಬಮಿನಲ್ಲೂ ಖಾಲಿ. ಅದನ್ನು ಕೊಳ್ಳಬೇಕಾದರೆ ಮನೆ ಮಾರಬೇಕು, ಹಾಗಾಗಿ ಅದಕ್ಕೆ ಯಾರೂ ಕೊರಗುವುದಿಲ್ಲ. ಆದರೆ ಮರ್ವ್‌ನದರಲ್ಲಿ ಇಪ್ಪತ್ತೈದರ ಗೂಡೂ ಖಾಲಿ. ಅದು ಸಿಕ್ಕಬಹುದಾದ ನಾಣ್ಯ, ಅದಕ್ಕೇ ಅದರ ಕೊರಗು ದೊಡ್ಡದು. ಟಿಬರ್ ಹತ್ತಿರ ಅದು ಬಂದಾಗಲೆಲ್ಲ ಮನೆಗೊಂದು ಖರ್ಚು ಬಂದಿರುತ್ತಿತ್ತು: ಮಗಳ ಹಲ್ಲು, ಕಾರಿನ ಗೇರು, ಸೋರುವ ಛಾವಣಿ.

ಗ್ಲೆನಿಸ್ ವರ್ಷವರ್ಷವೂ ಅವನ ಹುಟ್ಟುಹಬ್ಬಕ್ಕೆ ಸ್ವೆಟರು ಕೊಡುತ್ತಿದ್ದಳು. ಅವನು ವರ್ಷವರ್ಷವೂ "ಚೆನ್ನಾಗಿದೆ" ಎನ್ನುತ್ತಿದ್ದ. ಸ್ವೆಟರುಗಳು ಕಪಾಟಿನಲ್ಲಿ ಒಂದರ ಮೇಲೊಂದು ನಿದ್ದೆ ಮಾಡುತ್ತಿದ್ದವು. ಎಪ್ಪತ್ತು ತುಂಬುವ ಈ ಸಲವಾದರೂ ಅವನು ಚೆನ್ನಾಗಿದೆ ಎನ್ನುವುದನ್ನು ಮರೆತುಬಿಡುವಂಥದ್ದೊಂದನ್ನು ಕೊಡಬೇಕೆಂದು ಅವಳು ಬೇಸಿಗೆಯಿಡೀ ಏಪ್ರಿಕಾಟಿನ ಜಾಮು ಕಾಯಿಸಿ ಭಾನುವಾರದ ಸಂತೆಯಲ್ಲಿ ಮಾರಿದ್ದಳು. ಆ ದುಡ್ಡಷ್ಟೂ ಈ ಪೆನ್ನಿಗೆ ಹೋಗಿತ್ತು.

ನಾಣ್ಯವನ್ನು ಉಜ್ಜಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಅಂಗಡಿಗೆ ಬರುವವರಿಗೆ ಅದನ್ನು ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

"ನೋಡಿ ತಾಯೀ," ಎಂದ ಟಿಬರ್, ತನ್ನ ಸ್ಟೂಲನ್ನು ಅವಳ ಕಡೆ ತಳ್ಳುತ್ತ. "ಕೂತ್ಕೊಳ್ಳಿ ಮೊದಲು. ಇದರ ಮೇಲಿದ್ದ ಕಂದು ಬಣ್ಣ ಇತ್ತಲ್ಲ, ಅದು ಕೊಳೆ ಅಲ್ಲ. ಅದು ಇದರ ಚರ್ಮ. ಹುಟ್ಟಿದಾಗಿಂದ ಬೆಳೆದದ್ದು. ಒಂದ್ಸಲ ಸುಲಿದ್ರೆ ಹೋಯ್ತು."

"ಹಾಗಾದ್ರೆ ಈಗ ಇದಕ್ಕೆ ಬೆಲೆ ಇಲ್ವಾ?"

ಟಿಬರ್ ಕೆಮ್ಮಿದ.

"ಬೆಲೆ ವಿಷಯ ಬಿಡಿ," ಎಂದ ನೋಯೆಲ್ ಅವಸರದಿಂದ. "ನಾನು ಹುಡುಗನಾಗಿದ್ದಾಗ ನಮ್ಮಪ್ಪನ ಬೆಳ್ಳಿ ನಾಣ್ಯಗಳಿಗೆಲ್ಲ ಹಲ್ಲಿನ ಪುಡಿ ಹಾಕಿ ತಿಕ್ಕಿಟ್ಟಿದ್ದೆ. ಇದಕ್ಕೂ ಒಂದು ಉಪಾಯ ಇದೆ. ಕೋಳಿ ಗೂಡಿನ ಮಣ್ಣಲ್ಲಿ ಹೂತಿಡಿ. ಕಪ್ಪಾಗತ್ತೆ."

"ಹಸಿರಾಗತ್ತೆ," ಎಂದಳು ಪ್ರೂ. "ಬೇಯಿಸಿದ ಮೊಟ್ಟೆ ಜೊತೆ ಒಂದು ಚೀಲದಲ್ಲಿ ಹಾಕಿ ಕಟ್ಟಿಡಬೇಕು."

"ಮೊಟ್ಟೆ ನಾತ ಬಡಿಯೋ ಉಡುಗೊರೆ ಕೊಡೋಕಾಗತ್ತಾ?"

"ನಿನ್ನ ಕೋಳಿ ಗೂಡು ಏನು ಗುಲಾಬಿ ತೋಟವಾ?"

"ನನ್ನ ಅಂಗಡೀಲಿ ಯಾವ ನಾಣ್ಯದ ಮುಖಕ್ಕೂ ಬಣ್ಣ ಬಳಿಯೋ ಹಾಗಿಲ್ಲ!" ಟಿಬರ್ ಮೇಜು ಕುಟ್ಟಿದ. ಗಾಜಿನ ಕೆಳಗಿನ ತಟ್ಟೆಗಳಲ್ಲಿ ನಾಣ್ಯಗಳು ಗಲಗಲ ಎಂದವು. ಗ್ಲೆನಿಸ್‌ಗೆ ಅಳು ಬರುವುದರಲ್ಲಿತ್ತು, ಆದರೆ ಈ ಮೂವರು ದೊಡ್ಡವರು ಕೋಳಿ ಮೊಟ್ಟೆಗಾಗಿ ಜಗಳವಾಡುವುದನ್ನು ನೋಡಿ ಅದು ಬರಲೋ ಬೇಡವೋ ಎಂದು ಅಲ್ಲೇ ನಿಂತಿತು.

ಪ್ರೂ ಹೊಳೆಯುವ ಪಟ್ಟಿಗಳ ತನ್ನ ಕೋಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆದಾಡಿದಳು. ಆಮೇಲೆ ಹೇಳಿದಳು: "ನನ್ನ ಆಲ್ಬಮಿನಲ್ಲಿ ಒಂದು ಇಪ್ಪತ್ತೈದು ಇದೆ. ಸಾಧಾರಣದ್ದು, ಆದ್ರೆ ಒಳ್ಳೆ ಚಾಕೊಲೇಟ್ ಬಣ್ಣ. ಈಗಲೇ ಹೋಗಿ ತರ್ತೀನಿ. ಅದನ್ನ ಅವನಿಗೆ ಕೊಡಿ. ಇದನ್ನ ನಾನು ಇಟ್ಕೋತೀನಿ. ಅವನಿಗೆ ಗೊತ್ತೇ ಆಗಲ್ಲ."

ಅದು ಎಷ್ಟು ದೊಡ್ಡ ಮಾತೆಂದು ನೋಯೆಲ್‌ನ ಮುಖ ನೋಡಿಯೇ ಗ್ಲೆನಿಸ್‌ಗೆ ತಿಳಿಯಿತು. ಹೂಂ ಎಂದರೆ ಸಾಕಿತ್ತು. ಸಂಜೆ ಮರ್ವ್ ಡಬ್ಬಿ ತೆರೆಯುವುದು, ಅವನ ಕಣ್ಣು ಅರಳುವುದು, ಕಂದು ಪೆನ್ನಿ ತನ್ನ ಗೂಡಿಗೆ ಟಪ್ಪೆಂದು ಕೂರುವುದು ಎಲ್ಲ ಅವಳಿಗೆ ಕಂಡಿತು. ಅದರ ಹಿಂದೆಯೇ ಪ್ರೂಳ ಆಲ್ಬಮಿನ ಖಾಲಿ ಗೂಡೂ ಕಂಡಿತು.

"ಅಯ್ಯೋ ಬೇಡ ಕಣಮ್ಮ," ಎಂದಳು. "ಆಮೇಲೆ ಶನಿವಾರ ಶನಿವಾರ ಅವನ ಮುಖ ನೋಡ್ಕೊಂಡು ಈ ಗುಟ್ಟನ್ನ ಹೊಟ್ಟೇಲಿಟ್ಕೊಂಡಿರೋಕೆ ನಿಮ್ಮಲ್ಲಿ ಯಾರಿಗೆ ಸಾಧ್ಯ ಹೇಳಿ?"

ಪ್ರೂ ನೋಯೆಲ್‌ನ ಕಡೆ ನೋಡಿದಳು. ಟಿಬರನೂ ನೋಯೆಲ್‌ನ ಕಡೆ ನೋಡಿದ.

"ನಾನು ಪ್ರಯತ್ನ ಮಾಡ್ತೀನಿ," ಎಂದ ನೋಯೆಲ್.

ಮೊದಲು ನಕ್ಕವಳು ಗ್ಲೆನಿಸ್. ಟಿಬರ್ ಒಳಗೆ ಹೋಗಿ ಕಡುನೀಲಿ ಮಖಮಲ್ಲಿನ ಡಬ್ಬಿ ತಂದು, ಪೆನ್ನಿಯನ್ನು ಅಂಚು ಹಿಡಿದು ಅದರೊಳಗಿಟ್ಟ. ದುಡ್ಡು ಕೊಡಲು ಹೋದರೆ ಕೈ ಆಡಿಸಿದ. "ಮರ್ವ್ ಕೂಗಾಡಿದ್ರೆ ನನಗೆ ಫೋನ್ ಮಾಡಿ. ತಪ್ಪು ನಂದು, ಹೇಳಬೇಕಿತ್ತು ಅಂತೀನಿ."

ಜೂನ್ ತಿಂಗಳು, ಅಲ್ಲಿ ನಡುಚಳಿಗಾಲ; ಐದಕ್ಕೆಲ್ಲ ಬೆಳಕು ಇಳಿಯುತ್ತದೆ. ಗ್ಲೆನಿಸ್ ಚಹಾ ಇಟ್ಟಳು, ಸ್ಪಂಜ್ ಕೇಕಿನ ಮೇಲೆ ಕೆನೆ ಬಳಿದಳು. ಮೆಲ್ಬರ್ನಿನಿಂದ ಮಗಳು ಫೋನಿನಲ್ಲಿ ಹಾಡಿದ್ದಾಯಿತು. ಕೇಕು ಕತ್ತರಿಸಿದ್ದಾಯಿತು. ಇನ್ನು ಮುಂದೂಡಲು ಕೆಲಸವೇ ಉಳಿಯದಾದಾಗ ಅವಳು ಡಬ್ಬಿಯನ್ನು ಅವನ ತಟ್ಟೆಯ ಪಕ್ಕಕ್ಕೆ ಸರಿಸಿದಳು.

"ಸ್ವೆಟರ್ ತುಂಬಾ ಚಿಕ್ಕದಾಯ್ತು ಈ ಸಲ," ಎಂದ ಮರ್ವ್.

"ತೆಗಿ ಸುಮ್ನೆ."

ಅವನು ತೆರೆದ. ಎದ್ದು ಕನ್ನಡಕ ಹುಡುಕಿ ಹಾಕಿಕೊಂಡು, ಡಬ್ಬಿಯನ್ನು ದೀಪದ ಕೆಳಗೆ ಒಯ್ದು ಇಸವಿ ಓದಿದ. ಮೂಗಿನ ಹತ್ತಿರ ತಂದು ಮೂಸಿದ.

"ಟಿಬರ್ ಹತ್ರ ತಗೊಂಡ್ಯಾ?"

"ಹೂಂ."

"ಅವನು ಕೊಟ್ಟಾಗ ಹೀಗೇ ಇತ್ತಾ?"

"ಇಲ್ಲ. ನಾನು ಉಜ್ಜಿದೆ. ಉಜ್ಜಬಾರ್ದು ಅಂತ ಇವತ್ತು ಗೊತ್ತಾಯ್ತು. ಹಾಳಾಗೋಯ್ತು ಮರ್ವ್."

ಅವನ ಬೆನ್ನು ಅವಳ ಕಡೆಗಿತ್ತು. ಭುಜಗಳು ಅಲುಗುವುದು ಕಂಡು ಅವಳಿಗೆ ಗಾಬರಿಯಾಯಿತು. ತಿರುಗಿದಾಗ ಅವನ ಕಣ್ಣಲ್ಲಿ ನೀರಿತ್ತು, ನಗು ತಡೆಯಲಾರದೆ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ.

"ಅಂಚನ್ನೂ ಬಿಟ್ಟಿಲ್ವಲ್ಲೇ! ನೋಡಿಲ್ಲಿ, ಪೆನ್ನಿ ಮೇಲಿರೋ ರಾಜನ ಕಿವಿ ಹಿಂದೆ ಕೂಡ ತೊಳೆದಿದ್ದೀಯ. ನಮ್ಮ ಮಕ್ಕಳಿಗೆ ತೊಳೀತಿದ್ಯಲ್ಲ, ಥೇಟ್ ಹಾಗೇ. ಪಾಪ, ಐದನೇ ಜಾರ್ಜು, ಎಷ್ಟು ಅತ್ತನೋ!"

"ನಗ್ಬೇಡ್ವೋ. ನಿನಗೆ ಬೇಜಾರಾಗ್ಲಿಲ್ವಾ?"

"ಆಯ್ತು," ಎಂದ, ಕಣ್ಣೊರೆಸಿಕೊಳ್ಳುತ್ತ. "ಒಂದು ಗಳಿಗೆ ಚೆನ್ನಾಗಿಯೇ ಆಯ್ತು. ಸುಳ್ಳು ಯಾಕೆ ಹೇಳ್ಲಿ." ಮತ್ತೆ ಪೆನ್ನಿಯನ್ನು ನೋಡಿದ. "ಇಡೀ ಮಧ್ಯಾಹ್ನ ಹಿಡಿದಿರಬೇಕು ನಿನಗೆ."

"ಆಲ್ಬಮಿಗೆ ಹಾಕ್ತೀಯಾ?"

"ಈಗಲೇ ಹೇಗೆ ಹಾಕ್ಲಿ? ಅಷ್ಟೂ ಕಂದು ಮುಖಗಳ ಮಧ್ಯೆ ಬೀದಿ ದೀಪ ಇಟ್ಟ ಹಾಗಿರತ್ತೆ. ಇನ್ನೂ ಮಾಗಬೇಕು ಇದು." ಅವನು ಬಾಗಿಲ ಹಿಂದಿನ ಕೋಟನ್ನು ತೆಗೆದು ತೊಟ್ಟ. ನಾಣ್ಯ ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯುವವನು, ಮೊಮ್ಮಕ್ಕಳು ಬೆರಳು ಚಾಚಿದರೂ ಗದರುವವನು, ಆ ಪೆನ್ನಿಯನ್ನು ಡಬ್ಬಿಯಿಂದ ಹೆಕ್ಕಿ, ಕೇಕಿನ ಕೆನೆ ಅಂಟಿದ್ದ ಬೆರಳಲ್ಲೇ ತಿಕ್ಕಿ, ಕೋಟಿನ ಜೇಬಿಗೆ ಇಳಿಬಿಟ್ಟ. "ಜೇಬಲ್ಲಿದ್ದು, ಕೈ ಬಿಸಿ, ಬೆವರು ತಾಗ್ತಾ ತಾಗ್ತಾ ಬಣ್ಣ ಬರತ್ತೆ. ಬಳಿದ ಬಣ್ಣ ಅಲ್ಲ, ಅದರದ್ದೇ."

"ಎಷ್ಟು ದಿನ ಬೇಕು?"

"ದಿನಗಳಲ್ಲೆಲ್ಲ ಆಗಲ್ಲ. ಚೆನ್ನಾಗಿ ಬರಬೇಕಂದ್ರೆ ಇಪ್ಪತ್ತು ವರ್ಷ."

"ನಿನಗಿವತ್ತು ಎಪ್ಪತ್ತು ಕಣೋ!"

"ಅದಕ್ಕೇ ಹೇಳ್ತಿರೋದು, ತಡ ಮಾಡೋದು ಬೇಡ. ಬಾ, ಸ್ಕಾರ್ಫ್ ಹಾಕ್ಕೋ."

ಅವರು ಕೆರೆಯ ದಂಡೆಗೆ ಹೋದರು. ವೆಂಡೂರಿ ಕೆರೆಯ ಮೇಲಿನಿಂದ ಬರುತ್ತಿದ್ದ ಗಾಳಿಗೆ ಮೂಗು ಸಿಡಿಯುವಂತಿತ್ತು. ಕಪ್ಪು ಹಂಸಗಳು ಜೊಂಡಿನ ಕಡೆಗೆ ಸರಿಯುತ್ತಿದ್ದವು; ಪಡುವಣದಲ್ಲಿ ಇನ್ನೂ ಒಂದು ಗೆರೆ ಬೆಳಕಿತ್ತು. ಮರ್ವ್ ಜೇಬಿನಲ್ಲಿ ಕೈಯಿಟ್ಟುಕೊಂಡೇ ನಡೆದ, ಟಿಬರ್ ಮುಖ ಹೇಗಾಗಿತ್ತು, ನೋಯೆಲ್ ಏನೆಂದ ಎಂದು ಒಂದೂ ಬಿಡದೆ ಕೇಳಿದ. ನೋಯೆಲ್ ಟೋಪಿ ತೆಗೆದದ್ದನ್ನು ಅವಳಿಂದ ಎರಡು ಸಲ ಹೇಳಿಸಿದ. ಎರಡನೆಯ ಸಲ ಅವಳು ದಾರಿಯಲ್ಲೇ ನಿಂತು, ತನ್ನ ಉಣ್ಣೆ ಟೋಪಿ ತೆಗೆದು ಎದೆಗೊತ್ತಿಕೊಂಡು ತೋರಿಸಿದಳು. ನಾಯಿ ಹಿಡಿದುಕೊಂಡು ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ.

ದೋಣಿಮನೆ ದಾಟಿದ ಮೇಲೆ ಮರ್ವ್ ಜೇಬಿನಿಂದ ಮುಷ್ಟಿ ತೆಗೆದು ಅವಳ ಮುಂದೆ ಚಾಚಿದ.

"ತಗೋ. ಇಲ್ಲಿಂದ ನಿನ್ನ ಸರದಿ."

ಗ್ಲೆನಿಸ್ ಹಲ್ಲಿನಿಂದ ಕಚ್ಚಿ ಕೈಗವಸು ಎಳೆದು ಬರಿಗೈ ಒಡ್ಡಿದಳು. ಪೆನ್ನಿ ಬೆಚ್ಚಗಿತ್ತು. ಬೆರಳು ಮಡಚಿ ಅದನ್ನು ತನ್ನ ಕೋಟಿನ ಜೇಬಿಗೆ ಇಳಿಸಿದಳು, ಕೈಯನ್ನು ಹೊರತೆಗೆಯಲಿಲ್ಲ. ಇಬ್ಬರೂ ಮುಂದಿನ ತಿರುವಿನ ಕಡೆಗೆ ನಡೆದರು. ಕೆರೆಯಾಚೆ ಒಂದೊಂದಾಗಿ ದೀಪಗಳು ಹತ್ತಿಕೊಳ್ಳುತ್ತಿದ್ದವು.