ಕತ್ತಲೆ ಕೋಣೆಯ ಉಸಿರು

ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಎತ್ತರದ ಕುರ್ಚಿ, ಎದುರು ಗೋಡೆಯಲ್ಲಿ ಬೆಳಗುವ ಅಕ್ಷರಗಳ ಹಲಗೆ, ಮೇಜಿನ ಮೇಲೆ ಗಾಜುಗಳನ್ನು ಸಾಲಾಗಿ ನಿಲ್ಲಿಸಿದ ಪೆಟ್ಟಿಗೆ. ಇಷ್ಟೇ ಅವಳ ರಾಜ್ಯ. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಕೂರಿಸಿ, ಮುಖಕ್ಕೆ ಮುಖ ತಾಗುವಷ್ಟು ಬಗ್ಗಿ, ಒಂದೊಂದೇ ಗಾಜು ಹಾಕಿ ತೆಗೆದು, "ಮೊದಲನೇದು ಸ್ಪಷ್ಟನಾ, ಎರಡನೇದಾ?" ಎಂದು ಕೇಳುತ್ತ ಕೇಳುತ್ತ ಸರಿಯಾದ ನಂಬರಿಗೆ ಬಂದು ಮುಟ್ಟುವುದು ಅವಳ ಕೆಲಸ. ಅಂಗಡಿಯವರು ಅವಳನ್ನು ನಂಬರಕ್ಕ ಎಂದೇ ಕರೆಯುತ್ತಿದ್ದರು.

ಈಚೆಗೆ ಆ ಹೆಸರಿಗೇ ಕುತ್ತು ಬಂದಿತ್ತು. ಅವಳು ನಂಬರು ಬರೆದುಕೊಟ್ಟ ಕನ್ನಡಕಗಳು ಹೋದಷ್ಟೇ ಬೇಗ ವಾಪಸು ಬರುತ್ತಿದ್ದವು. ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಮೆಟ್ಟಿಲು ಮೇಲೆದ್ದ ಹಾಗೆ ಕಾಣುವುದು. ಪಕ್ಕದ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕರಂತೂ ಎರಡನೆಯ ಸಲ ಬಂದು ಕನ್ನಡಕವನ್ನು ಕೌಂಟರಿನ ಮೇಲೆ ಟಪ್ಪನೆ ಇಟ್ಟರು.

"ಇದನ್ನ ಹಾಕ್ಕೊಂಡ್ರೆ ಒಂದು ಸ್ಕ್ರೂ ಎರಡಾಗಿ ಕಾಣ್ಸುತ್ತೆ ಕಣ್ರೀ. ತಿಂಗಳಿಂದ ಕೆಲಸ ಮುಟ್ಟಿಲ್ಲ ನಾನು!"

ಅಂಗಡಿಯ ಯಜಮಾನ ಅವರನ್ನು ಸಮಾಧಾನ ಮಾಡಿ ಕಳಿಸಿ, ಅವಳನ್ನು ಮೂಲೆಗೆ ಕರೆದ. ಮಾತಾಡುವಾಗ ಮುಖವನ್ನು ಒಂದಿಷ್ಟು ಓರೆ ಮಾಡಿಕೊಂಡೇ ಇದ್ದ.

"ಬೇಜಾರು ಮಾಡ್ಕೋಬೇಡಿ. ಕಣ್ಣು ನೋಡೋ ಮಷೀನು ತರಿಸ್ತಿದ್ದೀನಿ. ನೀವು ಸ್ವಲ್ಪ ದಿನ ಕೌಂಟರಲ್ಲಿ ಫ್ರೇಮ್ ತೋರಿಸ್ತಿರಿ."

ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ಅವಳಿಗೆ ಗೊತ್ತಿಲ್ಲದೆ ಏನು! ಕತ್ತಲೆ ಕೋಣೆ ಕೈ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಓದಿ, ಪಳಗಿ, ಎರಡು ಹೆರಿಗೆಗಳ ನಡುವೆಯೂ ಬಿಡದೆ ಕಾಪಾಡಿಕೊಂಡು ಬಂದ ವಿದ್ಯೆ ಅದು.

ಅವಳಿಗೆ ಮೊದಲು ಗಾಜಿನ ಪೆಟ್ಟಿಗೆಯ ಮೇಲೆ ಅನುಮಾನ ಬಂತು. ಒಂದೊಂದನ್ನೂ ಒರೆಸಿ ಅಳೆದು ನೋಡಿದಳು, ಎಲ್ಲ ಸರಿಯಿತ್ತು. ಆಮೇಲೆ ತನ್ನ ಮೇಲೆಯೇ ಅನುಮಾನ. ಆ ಭಾನುವಾರ ಹಳೆಯ ಪೆಟ್ಟಿಗೆಯೊಂದನ್ನು ಮನೆಗೆ ತಂದು, ಅಡುಗೆಮನೆಯ ಸ್ಟೂಲಿನ ಮೇಲೆ ನಾದಿನಿಯನ್ನು ಕೂರಿಸಿ, ಫ್ರೇಮು ಹಾಕಿ ಬಗ್ಗಿದಳು.

"ಮೊದಲನೇದಾ, ಎರಡನೇದಾ?"

"ಎರಡೂ ಒಂದೇ ಥರ ಅತ್ತಿಗೆ."

"ಸರಿಯಾಗಿ ನೋಡು. ಈಗ?"

"ಚೆನ್ನಾಗಿದೆ, ಇದೇ ಇರ್ಲಿ, ಬರ್ಕೊಳ್ಳಿ."

ಅವಳ ಕೈ ನಿಂತಿತು. ಆ ಕ್ಷಣ ಚೌಕಟ್ಟಿನಲ್ಲಿ ಗಾಜೇ ಇರಲಿಲ್ಲ. ಹಾಕುವುದರೊಳಗೆ ನಾದಿನಿ ಉತ್ತರ ಕೊಟ್ಟುಬಿಟ್ಟಿದ್ದಳು.

"ಏನೇ, ಇಲ್ಲದ ಗಾಜಲ್ಲಿ ನಿನಗೇನು ಕಂಡಿತು? ಎಲ್ಲರೂ ಹೀಗೇ ಮಾಡ್ತಾರೆ! ಕೇಳೋಕ್ ಮುಂಚೆ ಸರಿ ಅಂತಾರೆ, ಎದ್ದು ಓಡ್ತಾರೆ. ನನ್ನನ್ನ ಕಂಡ್ರೆ ಏನಾಗುತ್ತೆ ನಿಮಗೆಲ್ಲ?"

ನಾದಿನಿ ಫ್ರೇಮು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಬಾಯಿಬಡುಕಿ ಎಂದು ಮನೆಮಂದಿಯಿಂದೆಲ್ಲ ಹೆಸರು ತೆಗೆದುಕೊಂಡವಳು ಈಗ ದನಿ ತಗ್ಗಿಸಿದಳು.

"ಬೈಬೇಡಿ ಅತ್ತಿಗೆ. ನಿಮ್ಮ ಬಾಯಿ... ವಾಸನೆ ಬರುತ್ತೆ. ತುಂಬಾ. ಬಗ್ಗಿದಾಗ ಉಸಿರು ಹಿಡ್ಕೊಂಡು ಕೂರಬೇಕಾಗುತ್ತೆ. ಪಾಪ, ನಿಮ್ಮ ಗಿರಾಕಿಗಳು ಎಷ್ಟು ಹೊತ್ತು ಅಂತ ಹಿಡೀತಾರೆ?"

ಅವಳ ಮುಖಕ್ಕೆ ರಕ್ತ ನುಗ್ಗಿತು. "ಸದಾ ಪೆಪ್ಪರ್‌ಮೆಂಟು ಬಾಯಲ್ಲಿ ಇರುತ್ತಲ್ಲೇ!"

"ಅದರ ವಾಸನೇನೂ ಬರುತ್ತೆ. ಜೊತೆಗೆ ಇದೂ ಬರುತ್ತೆ."

ಅವಳು ಪೆಟ್ಟಿಗೆ ಮುಚ್ಚಿ, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಅಂಗೈಗೆ ಊದಿ ಮೂಸಿದಳು, ಏನೂ ತಿಳಿಯಲಿಲ್ಲ. ಕನ್ನಡಿಯಲ್ಲಿ ತುಟಿ ಎತ್ತಿ ನೋಡಿದಾಗ ವಸಡು ಕೆಂಪಗೆ ಊದಿ ಮಿರುಗುತ್ತಿತ್ತು. ಅದು ಹೊಸದೇನಲ್ಲ. ಚಿಕ್ಕ ಮಗಳು ಹುಟ್ಟಿದ ಮೇಲೆ ಎಷ್ಟೋ ರಾತ್ರಿ ಮಕ್ಕಳನ್ನು ಮಲಗಿಸುತ್ತ ತಾನೂ ಅಲ್ಲೇ ಉರುಳಿಕೊಂಡು, ಹಲ್ಲುಜ್ಜದೆ ಬೆಳಗು ಮಾಡಿದ್ದಳು. ಆಮೇಲೆ ಉಜ್ಜಿದಾಗ ರಕ್ತ ಬಂತು. ಹುಣ್ಣಾಗಿರಬೇಕು, ಮುಟ್ಟುವುದು ಬೇಡ ಎಂದು ತನಗೆ ತಾನೇ ಡಾಕ್ಟರಾಗಿ, ರಕ್ತ ಬರುವ ಜಾಗವನ್ನೆಲ್ಲ ಬಿಟ್ಟು ಉಜ್ಜುವುದು ರೂಢಿ ಮಾಡಿಕೊಂಡಳು. ಬಿಟ್ಟಷ್ಟೂ ಊತ ಹೆಚ್ಚಿತು. ಊತ ಹೆಚ್ಚಿದಷ್ಟೂ ಬಿಟ್ಟಳು.

ಮಾರನೆಯ ದಿನವೇ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಳು. ಎದುರಿನ ಕುರ್ಚಿಯಲ್ಲಿ ಜನರನ್ನು ಕೂರಿಸಿ ಅಭ್ಯಾಸವಾದವಳಿಗೆ ತಾನೇ ಕೂರುವುದು ಕಷ್ಟವಾಯಿತು. ಡಾಕ್ಟರಮ್ಮ ಸಣ್ಣ ಕಡ್ಡಿಯಂಥದ್ದನ್ನು ಹಲ್ಲು ವಸಡುಗಳ ನಡುವೆ ಇಳಿಸಿ, ಒಂದೊಂದು ಕಡೆಯೂ ಎಷ್ಟು ಆಳ ಎಂದು ಅಳೆದರು.

"ವಸಡು ಹಲ್ಲನ್ನ ಬಿಟ್ಟು ಜೇಬಿನ ಥರ ಆಗಿದೆಯಮ್ಮ. ಒಳಗೆ ಕಿಟ್ಟ ಕೂತಿದೆ, ಅದರಲ್ಲಿ ಕ್ರಿಮಿಗಳು ಸಂಸಾರ ಹೂಡಿವೆ. ವಾಸನೆ ಅವುಗಳದ್ದು. ಬ್ರಷ್ಷು ಅಷ್ಟು ಆಳಕ್ಕೆ ಹೋಗಲ್ಲ, ಪೆಪ್ಪರ್‌ಮೆಂಟಂತೂ ಕೇಳೋದೇ ಬೇಡ. ಸಕ್ಕರೆ ಹಾಕಿ ಸಾಕ್ತಿದ್ದೀರಿ ನೀವು."

"ನನಗೇ ಯಾಕೆ ಗೊತ್ತಾಗ್ಲಿಲ್ಲ ಡಾಕ್ಟ್ರೇ?"

"ನಮ್ಮ ಉಸಿರಿಗೆ ನಮ್ಮ ಮೂಗು ಒಗ್ಗಿಹೋಗಿರುತ್ತೆ. ಬೇರೆಯವರೇ ಹೇಳಬೇಕು. ಹೇಳಿದವರು ಯಾರೋ, ಅವರಿಗೊಂದು ಸೀರೆ ಕೊಡಿಸಿ."

ಸಕ್ಕರೆ ಕಾಯಿಲೆ ಇದ್ದರೂ ವಸಡು ಹೀಗೆ ಕೆಡಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು, ಅದು ಇರಲಿಲ್ಲ. ಆಮೇಲೆ ಬಾಯಿಯ ಒಂದೊಂದು ಭಾಗಕ್ಕೂ ಮರಗಟ್ಟಿಸುವ ಸೂಜಿ ಚುಚ್ಚಿ, ವಸಡಿನ ಅಡಿಯವರೆಗೂ ಕೆರೆದು ತೊಳೆದರು. ತುಟಿ ಜೋತುಬಿದ್ದು, ಮನೆಗೆ ಬಂದು ಕುಡಿದ ನೀರೆಲ್ಲ ಎದೆಯ ಮೇಲೆ ಸುರಿಯಿತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಬೇಕು, ಹಲ್ಲಿನ ಸಂದಿಗೆ ಪುಟ್ಟ ಕುಂಚ ಹಾಕಬೇಕು, ನಾಲಿಗೆ ಕೆರೆಯಬೇಕು, ರಕ್ತ ಬಂದರೂ ಹೆದರಿ ಬಿಡಕೂಡದು ಎಂದು ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಮೊದಲ ದಿನಗಳಲ್ಲಿ ಉಗುಳಿದ್ದೆಲ್ಲ ಕೆಂಪು. ಕಣ್ಣು ಮುಚ್ಚಿಹೋಗುವಷ್ಟು ನಿದ್ದೆ ಬಂದರೂ ಈಗ ಅವಳು ಮಕ್ಕಳ ಜೊತೆಯಲ್ಲೇ ಸಿಂಕಿನ ಮುಂದೆ ನಿಲ್ಲುತ್ತಿದ್ದಳು. ನಾದಿನಿ ದಿನಾ ಸಂಜೆ ಹತ್ತಿರ ಬಂದು, ಪೊಲೀಸ್ ನಾಯಿಯ ಹಾಗೆ ಮೂಸಿ ತೀರ್ಪು ಕೊಡುತ್ತಿದ್ದಳು.

"ಇವತ್ತು ಪರವಾಗಿಲ್ಲ. ಆದರೆ ಇನ್ನೂ ಜಾಮೀನು ಇಲ್ಲ."

ಕೆಂಪು ನಸುಗೆಂಪಾಯಿತು. ಆಮೇಲೊಂದು ದಿನ ಉಗುಳಿದ ನೊರೆ ಬೆಳ್ಳಗೇ ಇತ್ತು. ನಾದಿನಿ ಮೂಸಿ, ಇನ್ನೊಮ್ಮೆ ಮೂಸಿ, ಅತ್ತಿಗೆಯ ಕೆನ್ನೆಗೆ ಲೊಚಕ್ಕನೆ ಮುತ್ತು ಕೊಟ್ಟುಬಿಟ್ಟಳು.

ಅಷ್ಟರಲ್ಲಿ ಅಂಗಡಿಯಲ್ಲಿ ಮಷೀನು ದರ್ಬಾರು ನಡೆಸುತ್ತಿತ್ತು. ಗಲ್ಲ ಊರಿ ಕೂತರೆ ಸಾಕು, ಚೀಟಿಯಲ್ಲಿ ನಂಬರು ಉದುರಿಸುತ್ತಿತ್ತು. ಹೆಚ್ಚಿನವರಿಗೆ ಅದೇ ಸಾಕಾಯಿತು. ಆದರೆ ಗಡಿಯಾರದ ಮುದುಕರು ಮಷೀನಿನ ಕನ್ನಡಕವನ್ನೂ ತಂದು ಅದೇ ಕೌಂಟರಿನ ಮೇಲೆ ಟಪ್ಪನೆ ಇಟ್ಟರು.

"ನಿಮ್ಮ ಮಷೀನು ಗಡಿಯಾರ ರಿಪೇರಿ ಮಾಡುತ್ತೇನ್ರೀ? ಹಾಗಾದ್ರೆ ನನ್ನ ಅಂಗಡೀಲೇ ಕೂರ್ಸಿ, ನಾನು ಮನೇಲಿ ಮಲಗ್ತೀನಿ!"

ಯಜಮಾನ ಬೆವರಿದ. ಅವಳು ಕೌಂಟರಿನ ಹಿಂದಿನಿಂದ ಹೊರಬಂದಳು.

"ನಾನು ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಇನ್ನು ಆ ಕೋಣೆಯ ಹೆಸರೇ ಎತ್ತಲ್ಲ."

ಮುದುಕರು ಯಜಮಾನನ ಮುಖ ನೋಡಿದರು. ಹಿಂದಿನದ್ದು ನೆನಪಿಗೆ ಬಂದು ಎದೆ ತುಂಬ ಉಸಿರೆಳೆದು, ಮುಳುಗು ಹಾಕುವವರ ಹಾಗೆ ಬಾಯಿ ಬಿಗಿದು ಒಳಗೆ ಹೋದರು. ಅದು ಅವಳಿಗೂ ಕಂಡಿತು. ಕಂಡರೂ ಕಾಣದವಳ ಹಾಗೆ ಫ್ರೇಮು ಕೂರಿಸಿ, ಬಗ್ಗಿ ಕೇಳಿದಳು.

ಹಿಡಿದ ಉಸಿರು ಎಷ್ಟು ಹೊತ್ತು ನಿಂತೀತು? ಮುದುಕರು ಬುಸ್ಸೆಂದು ಬಿಟ್ಟು, ಎಳೆದುಕೊಂಡರು. ಮತ್ತೆ ಎಳೆದುಕೊಂಡರು. ಬಿಗಿದಿದ್ದ ಭುಜ ಇಳಿಯಿತು.

"ಎರಡನೇದು... ತಡೀರಿ ತಡೀರಿ. ಮೊದಲನೇದನ್ನ ಇನ್ನೊಂದು ಸಲ ತೋರಿಸಿ."

ಇನ್ನೊಂದು ಸಲ! ಆ ಕೋಣೆಯಲ್ಲಿ ಈ ಮಾತು ಕೇಳಿ ಅವಳಿಗೆ ಎಷ್ಟು ಕಾಲವಾಗಿತ್ತೋ. ತೋರಿಸಿದಳು. ಗಾಜನ್ನು ಒಂದು ಎಳೆಯಷ್ಟು ತಿರುಗಿಸಿದಳು. ಮುದುಕರು ವಾದ ಹೂಡಿದರು, ಬೇಡ ಎಂದರು, ಬೇಕು ಎಂದರು, ಜೇಬಿನಿಂದ ಕೈಗಡಿಯಾರ ತೆಗೆದು, ಅದರ ಹೊಟ್ಟೆ ಬಿಚ್ಚಿ ಹತ್ತಿರ ಹಿಡಿದು ನೋಡಿದರು. ಅವರು ಸ್ಕ್ರೂ ನೋಡುವ ದೂರವನ್ನೇ ಅವಳು ಟೇಪು ಹಿಡಿದು ಅಳೆದಳು. ಹೊರಗೆ ಯಜಮಾನ ಬಾಗಿಲ ಬಳಿ ಶತಪಥ ಹಾಕುತ್ತಿದ್ದ.

ಕೊನೆಗೊಂದು ಗಾಜು ಫ್ರೇಮಿಗೆ ಬಿದ್ದದ್ದೇ ಮುದುಕರು ಕೈಗಡಿಯಾರವನ್ನು ಮತ್ತೆ ಕಣ್ಣೆದುರು ಹಿಡಿದರು.

"ಒಂದೇ ಸ್ಕ್ರೂ," ಎಂದರು. "ತಲೆ ಮೇಲಿನ ಗೀರೂ ಕಾಣ್ಸುತ್ತೆ ತಾಯಿ!"

ಕನ್ನಡಕ ತಯಾರಾದ ಮೇಲೆ ಅವರು ವಾಪಸು ತರಲಿಲ್ಲ. ಹೆಂಡತಿಯನ್ನು, ಹೆಂಡತಿಯ ತಂಗಿಯನ್ನು, ಮಷೀನಿನ ಚೀಟಿ ಹಿಡಿದು ಗೊಣಗುತ್ತಿದ್ದ ನೆರೆಯವರನ್ನು ಕರೆತಂದರು. ಮಷೀನು ಈಗ ಮೊದಲ ಅಂದಾಜು ಹೇಳಲು ಮಾತ್ರ ಉಳಿಯಿತು. ಕೋಣೆಯ ಹೊರಗೆ ಕುರ್ಚಿ ಸಾಲದೆ ಸ್ಟೂಲು ತರಿಸಬೇಕಾಯಿತು.

ಒಂದು ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಯಜಮಾನ ತಾನೇ ಬಂದು ಎತ್ತರದ ಕುರ್ಚಿ ಹತ್ತಿದ.

"ನನ್ನ ಕಣ್ಣೂ ಒಂದು ನೋಡಿಬಿಡಿ. ಹೋದ ವರ್ಷ ಎದುರು ಅಂಗಡಿಗೆ ಹೋಗಿ ಮಾಡಿಸ್ಕೊಂಡಿದ್ದೆ. ದರಿದ್ರದ ನಂಬರು."

"ಎದುರು ಅಂಗಡಿಗಾ? ನಾನಿಲ್ಲೇ ಇದ್ದೆನಲ್ಲ!"

ಅವನು ಕಿವಿಯವರೆಗೂ ಕೆಂಪಾದ. "ಎಷ್ಟು ಹೊತ್ತಾಗುತ್ತೆ?" ಎಂದು ಮಾತು ಹೊರಳಿಸಿದ.

"ಆಗೋವಷ್ಟು," ಎಂದು ಅವಳು ದೀಪ ಆರಿಸಿ, ಫ್ರೇಮನ್ನು ಅವನ ಮೂಗಿನ ಮೇಲೆ ಕೂರಿಸಿ, ನಗು ಬಂದರೂ ಬಾಯಿ ಮುಚ್ಚಿಕೊಳ್ಳದೆ, ಹತ್ತಿರಕ್ಕೆ ಬಗ್ಗಿದಳು.